ರಾಜಗೋಪಾಲನಗರಕ್ಕೆ ಹೋದ ಎರಡು ವ್ಯಾನುಗಳು

2013ರಲ್ಲಿ ನಾನು ಪೀಣ್ಯದಲ್ಲಿ, ತುಮಕೂರು ರಸ್ತೆಗೆ ಮುಖ ಮಾಡಿದ್ದ ಒಂದು ಹಳೆ ಕಾರುಗಳ ಶೋರೂಮಿನಲ್ಲಿ ಸೀನಿಯರ್ ಸೇಲ್ಸ್ ಕನ್ಸಲ್ಟೆಂಟ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಸರಳ. ಬಂದವರ ಓಡಾಟ ಎಂಥದ್ದು ಎಂದು ಕೇಳಿ ತಿಳಿದು, ಹೊಂದುವ ಗಾಡಿ ತೋರಿಸಿ, ಓಡಿಸಿ ನೋಡಲು ಕೊಟ್ಟು, ಕೊಂಡ ಮೇಲೆ ಆರ್‌ಟಿಓದಲ್ಲಿ ಅದು ಅವರ ಹೆಸರಿಗೆ ಆಗುವವರೆಗೆ ಜೊತೆಗಿರುವುದು. ನಮ್ಮಲ್ಲಿ ಎಲ್ಲ ಕಂಪನಿಗಳ ಗಾಡಿಗಳೂ ಅಕ್ಕಪಕ್ಕ ನಿಲ್ಲುತ್ತಿದ್ದವು. ಹೊಸ ಕಾರಿನ ಅಂಗಡಿಗೆ ಹೋದರೆ ತಮ್ಮ ಗಾಡಿಯೇ ಚೆಂದ ಅನ್ನುತ್ತಾರೆ. ಎರಡು ಬೇರೆ ಬೇರೆ ಗಾಡಿಗಳನ್ನು ಒಂದೇ ದಿನ ಓಡಿಸಿ ತೂಗಿ ನೋಡಬೇಕು ಅನ್ನುವವರು ನಮ್ಮಂಥ ಕಡೆ ಬರುತ್ತಿದ್ದರು.

ಈರಣ್ಣ ಮತ್ತು ಶಾಂತಾ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಈರಣ್ಣ ಗದಗಿನ ಕಡೆಯವರು. ಚಿಕ್ಕ ವಯಸ್ಸಿನಲ್ಲೇ ಪೀಣ್ಯಕ್ಕೆ ಬಂದು ಹೆಲ್ಪರ್ ಆಗಿ ಸೇರಿ, ಈಗ ಕಬ್ಬಿಣದ ಬಿಡಿಭಾಗಗಳಿಗೆ ಬಣ್ಣ ಹಿಡಿಸುವ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದರು. ರಾಜಗೋಪಾಲನಗರದಲ್ಲಿ ಸ್ವಂತ ಮನೆ. ಮನೆಯಲ್ಲಿ ಅವರ ತಾಯಿ, ಡಿಗ್ರಿ ಓದುತ್ತಿದ್ದ ದೊಡ್ಡ ಮಗಳು ಗೀತಾ, ಪ್ರೈಮರಿ ಶಾಲೆಯ ಚಿಕ್ಕ ಮಗಳು ಸಹನಾ. ಶಾಂತಾ ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವ ಲೈನಿನಲ್ಲಿದ್ದವರು.

'ಇದ್ದವರು' ಎಂದು ಆಕೆಯೇ ಹೇಳಿದ್ದು. ಬಲಗೈ ಬೆರಳುಗಳು ಬಟ್ಟೆ ಹಿಡಿಯಲಾರದೆ ಸೂಜಿ ಬೆರಳಿಗೆ ಹೊಕ್ಕ ದಿನ ಕೆಲಸ ನಿಂತಿತ್ತು. ನಿಶ್ಶಕ್ತಿ ಅಂದುಕೊಂಡು ಟಾನಿಕ್ ಕುಡಿದರು. ಆಮೇಲೆ ಕಾಲೂ ಎಳೆಯತೊಡಗಿತು. ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಇದು ಕೈಕಾಲಿನ ಶಕ್ತಿಯನ್ನು ಮೆಲ್ಲಗೆ ಕಸಿದುಕೊಳ್ಳುವ ನರದ ಕಾಯಿಲೆ, ವಾಸಿಯಾಗುವಂಥದ್ದಲ್ಲ ಎಂದು ವೈದ್ಯರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡೇ ಹೇಳಿದ್ದರಂತೆ. ಅದನ್ನು ಶಾಂತಾ ನನಗೆ ಹೇಳಿದ್ದು ಪಕ್ಕದ ಬೀದಿಯ ಸುದ್ದಿ ಹೇಳುವ ಹಾಗೆ. ಈರಣ್ಣ ಮಾತ್ರ ಅಷ್ಟು ಹೊತ್ತೂ ಶೋರೂಮಿನ ಗಾಜಿನಾಚೆ ಹೋಗುವ ಲಾರಿಗಳನ್ನು ನೋಡುತ್ತಿದ್ದರು.

"ಎರಡ ಗಾಡಿ ನೋಡೇವ್ರಿ ಮೇಡಂ. ಆ ಎರಡರಾಗ ಯಾವದು ಅಂತ ನೀವ ಹೇಳಬೇಕು," ಎಂದರು ಕೊನೆಗೆ.

ಅವರು ತೋರಿಸಿದ ಎರಡೂ ಏಳು ಜನ ಕೂರುವ ಡೀಸೆಲ್ ವ್ಯಾನುಗಳು. ಒಂದಕ್ಕೊಂದು ಪೈಪೋಟಿಗೆಂದೇ ಮಾರುಕಟ್ಟೆಗೆ ಬಂದಂಥವು. ಮೊದಲನೆಯದು ದೊಡ್ಡದು, ಎತ್ತರದ ಗಟ್ಟಿ ಗಾಡಿ. ಊರ ಹಾದಿಗೂ ಸೈ, ಹೆದ್ದಾರಿಗೂ ಸೈ. ಯಾವ ತಾಲೂಕಿಗೆ ಹೋದರೂ ರಿಪೇರಿ ಮಾಡುವವರು ಸಿಗುತ್ತಾರೆ. ಎಷ್ಟೋ ವರ್ಷ ಓಡಿಸಿ ಮಾರಿದರೂ ಒಳ್ಳೆಯ ಬೆಲೆ. ಆದರೆ ಹತ್ತಬೇಕಾದರೆ ಪಾದವನ್ನು ಮೊಣಕಾಲಿನೆತ್ತರಕ್ಕೆ ಎತ್ತಬೇಕು. ಎರಡನೆಯದು ಹೊಸ ಬಗೆಯದು, ಹೆಚ್ಚು ಜನ ಕೊಳ್ಳುತ್ತಿರಲಿಲ್ಲ. ನಡು ಸೀಟಿನ ಪಕ್ಕದ ಬಾಗಿಲು ಹೊರಕ್ಕೆ ತೆರೆದುಕೊಳ್ಳುವುದಿಲ್ಲ, ಹಿಂದಕ್ಕೆ ಜಾರುತ್ತದೆ. ಒಳಗಿನ ನೆಲ ತಗ್ಗು, ಜಾಗ ವಿಶಾಲ. ಆದರೆ ಕಿಟಕಿಗಳು ಪೂರ್ತಿ ತೆಗೆಯಲಾಗುವುದಿಲ್ಲ, ಬೆಂಗಳೂರು ಬಿಟ್ಟರೆ ಸರ್ವಿಸ್ ಸಿಗುವುದು ಕಷ್ಟ, ಮರಳಿ ಮಾರಲು ಹೋದರೆ ಕೇಳುವವರಿಲ್ಲ.

ನಾನು ಎರಡರ ಗುಣಾವಗುಣಗಳನ್ನೂ ಹೀಗೇ ಬಿಡಿಸಿ ಹೇಳಿದೆ. ಈರಣ್ಣ ಜಾರುವ ಬಾಗಿಲಿನ ವ್ಯಾನಿನತ್ತ ಕೈ ತೋರಿಸಿದರು. "ಇಕಿಗೆ ಹತ್ತಾಕ ಸಸಾರ ಆಗತೈತಿ. ಇದ ಆಗಲಿ."

"ಅದು ಬ್ಯಾಡ," ಎಂದರು ಶಾಂತಾ. "ದೊಡ್ಡದ ಆಗಲಿ."

ಗಂಡ ಹೆಂಡತಿ ಬಣ್ಣಕ್ಕೆ ಜಗಳವಾಡುವುದನ್ನು ನೋಡಿದ್ದೆ, ಮೈಲೇಜಿಗೆ ಜಗಳವಾಡುವುದನ್ನು ನೋಡಿದ್ದೆ. ಇವರು ದನಿಯನ್ನೇ ಎತ್ತಲಿಲ್ಲ. ಇಬ್ಬರೂ ತಮ್ಮ ತಮ್ಮ ಮಾತಿನ ಮೇಲೆ ಸುಮ್ಮನೆ ಕೂತುಬಿಟ್ಟರು.

ಈರಣ್ಣ ನಮ್ಮ ಮೆಕ್ಯಾನಿಕ್ ನಯಾಜ್ ಜೊತೆ ವ್ಯಾನ್ ಓಡಿಸಿ ನೋಡಲು ಹೊರಗೆ ಹೋದಾಗ ಶಾಂತಾ ನನ್ನನ್ನು ಹತ್ತಿರ ಕರೆದರು. ಸುತ್ತಲೂ ಒಮ್ಮೆ ನೋಡಿ, "ಮೇಡಂ, ನನಗೊಂದ ಉಪಕಾರ ಮಾಡ್ರಿ. ಆ ಜಾರೂ ಬಾಗಿಲದ ಗಾಡಿ ಇಂಜಿನ್ ಕೆಟ್ಟೈತಿ ಅಂತ ಇವರಿಗೆ ಹೇಳಿಬಿಡ್ರಿ," ಎಂದರು.

"ಇಂಜಿನ್ ಚೆನ್ನಾಗಿದೆಯಲ್ಲಮ್ಮ. ಹೇಗೆ ಹೇಳಲಿ?"

"ನಾ ಇನ್ನ ಎಷ್ಟ ದಿನ ಕುಂದ್ರಾಕಿ ಅದರಾಗ? ಇವರು ಹತ್ತ ವರ್ಷ ಓಡಸಾವ್ರು. ಅತ್ತಿನ ಊರಿಗೆ ಕರಕೊಂಡ ಹೋಗಬೇಕು, ಹುಡುಗ್ಯಾರ ಲಗ್ನ ಆಗಬೇಕು. ನನ್ನ ಸಲುವಾಗಿ ಯಾರಿಗೂ ಬ್ಯಾಡಾದ ಗಾಡಿ ತಂದು ಆಮ್ಯಾಲೆ ಏನ ಮಾಡ್ತಾರ?"

ನಾನು ಆಗುವುದಿಲ್ಲ ಎಂದೆ. ಕೆಟ್ಟಿರುವುದನ್ನು ಚೆನ್ನಾಗಿದೆ ಎನ್ನಬಾರದು, ಚೆನ್ನಾಗಿರುವುದನ್ನು ಕೆಟ್ಟಿದೆ ಎನ್ನಲೂಬಾರದು, ನಮ್ಮ ಕೆಲಸ ನಿಂತಿರುವುದೇ ಅದರ ಮೇಲೆ ಎಂದೆ. ಆಕೆಗೆ ಸಿಟ್ಟು ಬರಲಿಲ್ಲ, ನಗು ಬಂತು. "ಹಿಂಗ ಖರೇ ಮಾತಾಡಿದ್ರ ಗಾಡಿ ಹೆಂಗ ಮಾರ್ತೀರಿ ನೀವು?" ಎಂದರು.

ಗಾಡಿ ವಾಪಸು ಬಂತು. ಶಾಂತಾ ನಮ್ಮ ರಿಸೆಪ್ಷನ್ ಹುಡುಗಿಯ ಕೈ ಹಿಡಿದು ಮುಖ ತೊಳೆಯಲು ಹೋದರು. ಈರಣ್ಣ ತಕ್ಷಣ ನನ್ನ ಮೇಜಿನ ಬಳಿ ಬಂದು ತಗ್ಗಿದ ದನಿಯಲ್ಲಿ, "ಮೇಡಂ, ತಪ್ಪ ತಿಳಕೋಬ್ಯಾಡ್ರಿ. ಆ ದೊಡ್ಡ ಗಾಡಿ ಯಾರೋ ಬುಕ್ ಮಾಡ್ಯಾರ ಅಂತ ಇಕಿಗೆ ಹೇಳ್ರಿ. ಇಲ್ಲಂದ್ರ ಹಠ ಬಿಡಾಂಗಿಲ್ಲ," ಎಂದರು.

ಆ ಕ್ಷಣ ನನ್ನ ಮುಖದಲ್ಲಿ ಏನು ಕಂಡಿತೋ. "ಯಾಕ್ರಿ, ಇಕೀನೂ ಏನರ ಹೇಳಿದಳೇನು?" ಎಂದು ಕೇಳಿದರು. ನಾನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದೆ. ಅಷ್ಟರಲ್ಲೇ ಅವರಿಗೆ ಅರ್ಥವಾಯಿತು. ಎದುರಿನ ಕುರ್ಚಿಯಲ್ಲಿ ಕೂತು ಎರಡೂ ಅಂಗೈಗಳಿಂದ ಮುಖ ಉಜ್ಜಿಕೊಂಡರು. ಆ ಕೈಗಳ ಗೆರೆಗಳಲ್ಲಿ ಕಾರ್ಖಾನೆಯ ನೀಲಿ ಬಣ್ಣ ಕೂತುಬಿಟ್ಟಿತ್ತು.

ಮೇಜಿನ ಮುಂದೆ ಕೂತು ಇದು ಬಗೆಹರಿಯುವುದಿಲ್ಲ ಅನ್ನಿಸಿತು. ಗಾಡಿ ನಿಲ್ಲುವ ಜಾಗದಲ್ಲಿ, ಹತ್ತಬೇಕಾದವರೇ ಹತ್ತಿ ನೋಡಲಿ ಎಂದುಕೊಂಡು, ಭಾನುವಾರ ಎರಡೂ ವ್ಯಾನುಗಳನ್ನು ಅವರ ಮನೆಗೇ ತರುತ್ತೇನೆ ಎಂದೆ. ಒಬ್ಬ ಗ್ರಾಹಕರಿಗೆ ಎರಡು ಗಾಡಿ ಕಳಿಸುವುದು ನಮ್ಮಲ್ಲಿ ವಾಡಿಕೆಯಿರಲಿಲ್ಲ. ಮ್ಯಾನೇಜರ್ ಒಮ್ಮೆ ಹುಬ್ಬೇರಿಸಿ, ವಿಷಯ ಕೇಳಿದ ಮೇಲೆ ಕೀಗಳನ್ನು ಕೊಟ್ಟರು.

ಒಂದನ್ನು ನಾನು, ಇನ್ನೊಂದನ್ನು ನಯಾಜ್ ಓಡಿಸಿಕೊಂಡು ರಾಜಗೋಪಾಲನಗರಕ್ಕೆ ಹೋದೆವು. ಅವರ ಮನೆಯ ಅಡ್ಡರಸ್ತೆ ಕಿರಿದು. ಎರಡೂ ಬದಿ ಬೈಕುಗಳು, ಮನೆ ಮುಂದೆ ನೀರಿನ ಡ್ರಮ್ಮುಗಳು, ಒಂದು ಮನೆಯೊಳಗಿಂದ ಭಾನುವಾರವೂ ನಿಲ್ಲದ ಲೇತ್ ಮೆಷಿನ್ನಿನ ಸದ್ದು. ದೊಡ್ಡ ವ್ಯಾನನ್ನು ಮೊದಲು ತಂದೆವು. ಬಾಗಿಲು ತೆರೆದರೆ ಎದುರಿನ ಕಾಂಪೌಂಡಿಗೆ ತಾಗುತ್ತಿತ್ತು. ಅರ್ಧವಷ್ಟೇ ತೆರೆದು ಹಿಡಿದೆ.

ಶಾಂತಾ ಆ ದಿನ ಒಳ್ಳೆಯ ಸೀರೆ ಉಟ್ಟಿದ್ದರು. ನಾನು ಹತ್ತಬಲ್ಲೆ ಎಂದು ತೋರಿಸುವುದಕ್ಕೇ ತಯಾರಾದ ಹಾಗಿತ್ತು. ಎಡಗಾಲನ್ನು ಮೆಟ್ಟಿಲಿಗಿಟ್ಟು ಬಾಗಿಲ ಪಕ್ಕದ ಹಿಡಿಕೆ ಹಿಡಿದರು. ಬಲಗಾಲು ಹಿಂಬಾಲಿಸಲಿಲ್ಲ. ಈರಣ್ಣ ಹಿಂದಿನಿಂದ ಎತ್ತಲು ಹೋದರು, ಗೀತಾ ಒಳಗಿಂದ ಎಳೆಯಲು ಹೋದಳು. ಹಿಡಿದ ಬೆರಳು ಸಡಿಲಿ ಶಾಂತಾ ಮೆಟ್ಟಿಲ ಮೇಲೇ ಕುಸಿದು ಕೂತರು. ಚಪ್ಪಲಿ ಕಳಚಿ ಬಿತ್ತು, ಸೀರೆಯ ಅಂಚು ಬಾಗಿಲ ಸಂದಿಗೆ ಸಿಕ್ಕಿಕೊಂಡಿತು. ಪಕ್ಕದ ಮನೆಯವರು ಹೊರಗೆ ಬಂದು ನಿಂತಿದ್ದರು.

"ಬಿಡ್ರಿ. ಎಲ್ಲಾರೂ ಕೈ ಬಿಡ್ರಿ," ಎಂದರು ಆಕೆ. ನಾವು ಬಿಟ್ಟೆವು. ತಲೆ ತಗ್ಗಿಸಿ ಸೀರೆಯ ಅಂಚನ್ನು ಎಡಗೈಯಿಂದ ಬಿಡಿಸಿಕೊಂಡರು. ಮತ್ತೆ ಎತ್ತಿದಾಗ ಕಣ್ಣು ಒಣಗಿತ್ತು. "ರೂಢಿ ಆದ್ರ ಏರ್ತೀನಿ. ಇದ ಆಗಲಿ."

ಈರಣ್ಣನ ತಾಳ್ಮೆ ತಪ್ಪಿತು. "ಏನ ರೂಢಿ ಆಗತೈತಿ ನಿನಗ? ಮುಂದಿನ ತಿಂಗಳ ಇಷ್ಟೂ ನಡಿಯೂದಿಲ್ಲ ಕಾಲು!" ಎಂದು ಬೀದಿಯಲ್ಲೇ ಕೂಗಿಬಿಟ್ಟರು. ಕೂಗಿದ ಮರುಗಳಿಗೆಯೇ ಬಾಯಿ ಮುಚ್ಚಿಕೊಂಡರು. ಅವರ ತಾಯಿ ಹೊಸ್ತಿಲಲ್ಲಿ ನಿಂತು ಸೆರಗನ್ನು ಬಾಯಿಗೊತ್ತಿಕೊಂಡರು.

ನಾನು ನಯಾಜ್‌ಗೆ ಸನ್ನೆ ಮಾಡಿದೆ. ಗೀತಾ ಅಮ್ಮನನ್ನು ಎಬ್ಬಿಸಿ ಬದಿಗೆ ನಿಲ್ಲಿಸಿದ ಮೇಲೆ ಅವನು ದೊಡ್ಡ ವ್ಯಾನನ್ನು ಹಿಂದಕ್ಕೆ ತೆಗೆದು ಇನ್ನೊಂದನ್ನು ತಂದ. ಬಾಗಿಲು ಯಾವ ಗೋಡೆಗೂ ತಾಗದೆ ಜಾರಿ ಹಿಂದಕ್ಕೆ ಹೋಯಿತು. ಈರಣ್ಣ ಸಮಾಧಾನ ತಂದುಕೊಂಡು, ತಾವು ಯೋಚಿಸಿದ್ದನ್ನು ವಿವರಿಸತೊಡಗಿದರು. ಕೊನೆಯ ಸಾಲಿನ ಸೀಟು ತೆಗೆಸುವುದು, ಇಳಿಜಾರು ಹಲಗೆ ಮಾಡಿಸುವುದು, ಗಾಲಿಕುರ್ಚಿಯನ್ನು ಹಾಗೇ ಹಿಂದಿನಿಂದ ಏರಿಸಿ ನೆಲಕ್ಕೆ ಬೆಲ್ಟಿನಿಂದ ಬಿಗಿಯುವುದು. ಕಾರ್ಖಾನೆಯ ವೆಲ್ಡರ್ ಹತ್ತಿರ ಅಳತೆಯನ್ನೂ ಮಾತಾಡಿದ್ದರು. ಮನುಷ್ಯ ಎಷ್ಟು ರಾತ್ರಿ ಇದನ್ನೇ ಯೋಚಿಸಿದ್ದನೋ.

ಶಾಂತಾ ಎಲ್ಲವನ್ನೂ ಕೇಳಿಸಿಕೊಂಡರು. "ಸಾಮಾನ ಹೇರಿದಂಗ ಹೇರ್ತೀರೇನ್ರಿ ನನ್ನ? ಹುಡುಗ್ಯಾರು ಮುಂದ, ನಾ ಹಿಂದ ಒಬ್ಬಾಕಿ, ಬೆಲ್ಟ್ ಕಟಗೊಂಡು?"

ಈರಣ್ಣ ಅಳತೆ ತೋರಿಸುತ್ತಿದ್ದ ಕೈಗಳನ್ನು ಕೆಳಗಿಳಿಸಿದರು.

"ಯಾರಿಗೂ ಬ್ಯಾಡಾದ ಗಾಡಿ ಅಂದದ್ದು, ಊರಿಗೆ ಹೋಗೂ ಮಾತು ಎಲ್ಲಾ ನಾ ಸುಮ್ನ ಹೇಳಿದ್ದು ಮೇಡಂ," ಎಂದರು ಆಕೆ. "ಇದು ನನ್ನ ರೋಗಕ್ಕ ತರೂ ಗಾಡಿ. ನಾ ಹ್ವಾದ ಮ್ಯಾಲೂ ಇಲ್ಲೇ ಬಾಗಲದಾಗ ನಿಂದ್ರತೈತಿ. ಇವು ದಿನಾ ಸಾಲಿಗೆ ಹೋಗುವಾಗ ನೋಡಬೇಕೇನು ಅದನ್ನ? ನನಗ ಮನಿ ಮಂದಿ ಗಾಡಿ ಬೇಕ್ರಿ. ಅದರಾಗ ನಾನೂ ಒಬ್ಬಾಕಿ ಕುಂತಿರಬೇಕು. ಅಷ್ಟ."

ಈರಣ್ಣ ವ್ಯಾನಿಗೆ ಒರಗಿ ನಿಂತರು. ಆಮೇಲೆ ಮಾತಾಡಿದ್ದು ಗೀತಾ. ಅದುವರೆಗೆ ಆ ಹುಡುಗಿ ಅಮ್ಮನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. "ಅಪ್ಪಾ, ಅಮ್ಮ ಕುರ್ಚೀಲಿ ಯಾಕೆ ಕೂರ್ಬೇಕು? ನಡು ಸೀಟಲ್ಲಿ ನಮ್ ಜೊತೆ ಕೂರ್ಲಿ. ಕುರ್ಚಿ ಮಡಚಿ ಹಿಂದೆ ಹಾಕೋಣ. ಏನೂ ತೆಗೆಸೋದು ಬೇಡ, ಏನೂ ವೆಲ್ಡ್ ಮಾಡ್ಸೋದು ಬೇಡ."

ಅಷ್ಟು ಸರಳವಾದದ್ದು ದೊಡ್ಡವರು ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಗೀತಾ ಅಮ್ಮನನ್ನು ತೆರೆದ ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸಿದಳು. ನೆಲ ತಗ್ಗಾಗಿದ್ದರಿಂದ ಶಾಂತಾ ಹಾಗೇ ಹಿಂದಕ್ಕೆ ವಾಲಿ ಸೀಟಿನ ಅಂಚಿಗೆ ಕೂತರು. ಗೀತಾ ಎರಡೂ ಕಾಲುಗಳನ್ನು ಎತ್ತಿ ಒಳಗೆ ತಿರುಗಿಸಿದಳು. ಮುಗಿಯಿತು. ಯಾರೂ ನೂಕಲಿಲ್ಲ, ಎಳೆಯಲಿಲ್ಲ. ಶಾಂತಾ ಸೆರಗು ಸರಿಮಾಡಿಕೊಂಡು, ಎಡಗೈಯಿಂದ ಪಕ್ಕದ ಸೀಟು ತಟ್ಟಿ, "ಸಹನಾ, ಬಾ ಇಲ್ಲೆ," ಎಂದರು. ಚಿಕ್ಕವಳು ಓಡಿ ಬಂದು ಅಂಟಿಕೊಂಡು ಕೂತಳು. ಅಜ್ಜಿಯನ್ನೂ ಹತ್ತಿಸಿದೆವು. ನಯಾಜ್ ಎಲ್ಲರನ್ನೂ ಒಂದು ಸುತ್ತು ಕರೆದುಕೊಂಡು ಹೋಗಿ ಬಂದ.

ಇಳಿಯುವ ಮೊದಲು ಶಾಂತಾ ಗಂಡನನ್ನು ಕರೆದರು. "ಆತು, ಇದ ತರ್ರಿ. ಆದ್ರ ನಾ ಹ್ವಾದ ಮ್ಯಾಲೆ ಇದನ್ನ ಕೊಟ್ಟು ಆ ಗಾಡಿ ತರಬೇಕು. ಮೇಡಂ ಮುಂದ ಮಾತು ಕೊಡ್ರಿ."

"ಈಗ ಯಾಕ ಆ ಮಾತು?"

"ಈಗಲ್ದ ಮತ್ತ್ಯಾವಾಗ? ಮಾತಾಡಾಕ ಬಾಯಿ ಇರೂತನಕ ಹೇಳಬೇಕಲ್ರಿ."

ಈರಣ್ಣ ಮಾತು ಕೊಡಲಿಲ್ಲ. ಆಕೆಯ ಬಲಗೈಯನ್ನು ಸುಮ್ಮನೆ ತಮ್ಮ ಕೈಯಲ್ಲಿ ತೆಗೆದುಕೊಂಡರು. ಅದನ್ನೇ ಆಕೆ ಮಾತು ಎಂದು ಎಣಿಸಿದರು.

ವ್ಯಾನ್ ಅವರ ಹೆಸರಿಗೆ ಆಯಿತು. ಕೀ ಕೊಟ್ಟ ಮೇಲೆ ನಮ್ಮ ಕೆಲಸ ಮುಗಿಯಿತು, ಇನ್ನೊಂದು ಗಾಡಿ, ಇನ್ನೊಂದು ಕುಟುಂಬ ಬರುತ್ತದೆ. ಆದರೆ ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ ಒಂದು ಸಂಜೆ ಕೆಲಸ ಮುಗಿಸಿ ಹೋಗುವಾಗ, ಒಂದು ಗಾರ್ಮೆಂಟ್ಸ್ ಗೇಟಿನ ಹತ್ತಿರ ಆ ವ್ಯಾನ್ ಕಂಡಿತು. ಶಿಫ್ಟ್ ಬಿಟ್ಟಿತ್ತು. ಊಟದ ಬುತ್ತಿ ಹಿಡಿದ ಹೆಂಗಸರು ಗುಂಪಾಗಿ ಹೊರಬರುತ್ತಿದ್ದರು. ವ್ಯಾನಿನ ಬಾಗಿಲು ಪೂರ್ತಿ ಜಾರಿಸಿತ್ತು. ಅದರ ನೆಲದ ಅಂಚಿನ ಮೇಲೆ ಮೂರ್ನಾಲ್ಕು ಹೆಂಗಸರು ಕಟ್ಟೆಯ ಮೇಲೆ ಕೂತಂತೆ ಕಾಲು ಇಳಿಬಿಟ್ಟು ಕೂತಿದ್ದರು. ನಡು ಸೀಟಿನಲ್ಲಿ ಶಾಂತಾ. ಯಾರೋ ಏನೋ ಹೇಳಿದ್ದಕ್ಕೆ ಎಲ್ಲರೂ ನಗುತ್ತಿದ್ದರು.

ಸ್ಕೂಟರ್ ನಿಲ್ಲಿಸಿ ಹೋದೆ. ಆಕೆ ತುಂಬಾ ಇಳಿದುಹೋಗಿದ್ದರು. ಕುತ್ತಿಗೆಗೆ ಆಸರೆಯಾಗಿ ಮೆತ್ತನೆಯ ಪಟ್ಟಿ ಕಟ್ಟಿದ್ದರು. ಮಾತು ತೊದಲುತ್ತಿತ್ತು. ಗೀತಾ ಪಕ್ಕದಲ್ಲಿ ಕೂತು ನಮಗೆ ಅರ್ಥ ಮಾಡಿಸುತ್ತಿದ್ದಳು. ವಾರಕ್ಕೊಮ್ಮೆ ಹೀಗೆ ಕರೆದುಕೊಂಡು ಬರುತ್ತೇವೆ, ಈಗ ನಾನೇ ಓಡಿಸುತ್ತೇನೆ, ಅಪ್ಪ ಕಲಿಸಿದರು ಎಂದಳು. ಶಾಂತಾ ನನ್ನತ್ತ ನೋಡಿ ಏನೋ ಹೇಳಿದರು. ಗೀತಾ ನಕ್ಕು, "ನೀವು ಅವತ್ತು ಸುಳ್ಳು ಹೇಳಿದ್ದಿದ್ರೆ ನಾನಿವತ್ತು ಇಲ್ಲಿ ಕೂತಿರ್ತಿರಲಿಲ್ಲ ಅಂತಿದಾರೆ ಅಮ್ಮ," ಎಂದಳು. ಮತ್ತೊಂದು ಮಾತನ್ನೂ ಆಕೆ ಹೇಳಿದರು. ಅದನ್ನು ಗೀತಾ ಅನುವಾದಿಸಲಿಲ್ಲ, ಮುಖ ಆ ಕಡೆ ತಿರುಗಿಸಿದಳು. ಆದರೆ ಅದು ನನಗೆ ತಾನಾಗಿಯೇ ಅರ್ಥವಾಗಿತ್ತು. ನಾನು ಹೋದ ಮೇಲೆ ಗಾಡಿ ಬದಲಾಯಿಸಿ ಕೊಡಿ, ಇವರು ಅದನ್ನು ಇಟ್ಟುಕೊಂಡು ಅಳುತ್ತ ಕೂರಬಾರದು ಎಂದು ಆಕೆ ಹೇಳಿದ್ದರು.

ಶಾಂತಾ ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಚಳಿಗಾಲ ಕಳೆದ ಮೇಲೆ, ನಯಾಜ್‌ನಿಂದ. ಅವನ ಮನೆಯೂ ಅದೇ ಕಡೆ.

2014ರ ಬೇಸಿಗೆಯ ಒಂದು ಬೆಳಿಗ್ಗೆ ಈರಣ್ಣ ವ್ಯಾನ್ ತಂದು ಶೋರೂಮಿನ ಮುಂದೆ ನಿಲ್ಲಿಸಿದರು. ಜೊತೆಗೆ ತಾಯಿ, ಇಬ್ಬರೂ ಹೆಣ್ಣುಮಕ್ಕಳು. ಈರಣ್ಣ ಒಳಗೆ ಬಂದು ಕೂತು, ಕೀಯನ್ನು ಅಂಗೈಯಲ್ಲಿ ಹೊರಳಿಸಿದರು. "ದೊಡ್ಡ ಗಾಡಿ ಐತೇನ್ರಿ ಮೇಡಂ?" ಎಂದು ಕೇಳಿದ ರೀತಿಯಲ್ಲೇ, ಇಲ್ಲ ಎಂಬ ಉತ್ತರಕ್ಕೆ ಅವರು ಕಾದಿದ್ದಾರೆ ಎಂದು ತಿಳಿಯಿತು.

ಆ ವಾರ ನಮ್ಮಲ್ಲಿ ಅಂಥವೇ ಎರಡು ಗಾಡಿಗಳಿದ್ದವು. "ಇದೆ," ಎಂದೆ.

ಎಕ್ಸ್‌ಚೇಂಜ್ ಅಂದರೆ ಹಳೆ ಗಾಡಿ ಕೊಟ್ಟು ಬೇರೊಂದು ಪಡೆಯುವುದು. ಅದಕ್ಕೆ ಮೊದಲು ಕೊಡುವ ಗಾಡಿಯ ತಪಾಸಣೆ ಆಗಲೇಬೇಕು. ತಪಾಸಣೆ ಮಾಡುವವನು ಗಾಡಿಯ ಸುತ್ತ ಬಂದು ಕುಂದುಗಳನ್ನು ಒಂದೊಂದಾಗಿ ಹೇಳುತ್ತಾನೆ, ಮಾಲೀಕರು ಜೊತೆಗಿರುತ್ತಾರೆ. ಅದು ಪದ್ಧತಿ. ನಯಾಜ್ ಬಾಗಿಲು ಜಾರಿಸಿ ಎಂದಿನಂತೆ ಶುರುಮಾಡಿದ.

"ಬಾಗಿಲ ಕೆಳಗೆ ಸ್ಕ್ರ್ಯಾಚು."

"ಅದು ಕುರ್ಚಿ ತಾಗಿದ್ದು," ಎಂದರು ಈರಣ್ಣ.

"ಒಳಗಿನ ಹ್ಯಾಂಡಲ್ ಲೂಸಾಗೈತೆ ಸಾರ್."

"ಅದನ್ನ ಹಿಡಕೊಂಡ ಕುಂದ್ರತಿದ್ಲು. ಆಮ್ಯಾಲೆ ಹಿಡಿಯಾಕ ಆಗಲಿಲ್ಲ, ಬಟ್ಟಿಲೆ ಕೈ ಕಟ್ಟತಿದ್ದೆ."

"ನಡು ಸೀಟಿನ ಕವರ್ರು..." ನಯಾಜ್ ಅಲ್ಲಿಗೇ ನಿಂತ. ಸೀಟಿನ ತಲೆ ಒರಗುವ ಜಾಗದಲ್ಲಿ ಎಣ್ಣೆಯ ಮಚ್ಚೆಯಿತ್ತು. ದಿನವೂ ಎಣ್ಣೆ ಹಚ್ಚಿ ಬಾಚಿದ ತಲೆ ಒರಗಿ ಒರಗಿ ಆದದ್ದು. ಈರಣ್ಣ ಹತ್ತಿರ ಹೋಗಿ ಅಲ್ಲಿ ಅಂಗೈ ಇಟ್ಟರು.

ನಯಾಜ್ ನನ್ನ ಕಡೆ ತಿರುಗಿ, "ಗಾಡಿ ಚೆನ್ನಾಗೈತೆ ಮೇಡಂ. ನೀಟಾಗಿ ಇಟ್ಕೊಂಡವ್ರೆ," ಎಂದಷ್ಟೇ ಹೇಳಿ ಒಳಗೆ ಹೊರಟುಹೋದ.

"ಇಟಗೊಂಬಿಡಲೇನ್ರಿ?" ಎಂದು ಈರಣ್ಣ ನನ್ನನ್ನು ಕೇಳಿದರು. "ಆಕಿಗೇನ ಗೊತ್ತಾಗತೈತಿ?"

ಇಟ್ಟುಕೊಳ್ಳಿ ಅನ್ನುವ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಆದರೆ ಗಾರ್ಮೆಂಟ್ಸ್ ಗೇಟಿನ ಹತ್ತಿರ ಆಕೆ ಹೇಳಿದ್ದು ನನಗೊಬ್ಬಳಿಗೇ ಅಲ್ಲ, ಗೀತಾಗೂ ಕೇಳಿಸಿತ್ತು. ನಾನು ಅವಳ ಕಡೆ ನೋಡಿದೆ. ಆ ಹುಡುಗಿ ತುಟಿ ಕಚ್ಚಿಕೊಂಡು ನಿಂತಿದ್ದಳು. ಆಮೇಲೆ ಅಪ್ಪನ ಹತ್ತಿರ ಹೋಗಿ ತೋಳು ಹಿಡಿದು, "ಬೇಡಪ್ಪಾ. ಅಮ್ಮ ನನ್ ಹತ್ರಾನೂ ಅದೇ ಹೇಳಿದ್ರು. ಕೊಟ್ಬಿಡು," ಎಂದಳು. ಈರಣ್ಣ ಮಗಳ ಹೆಗಲ ಮೇಲೆ ಹಣೆಯಿಟ್ಟು ಅತ್ತರು. ಅಷ್ಟು ದಿನದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಶೋರೂಮಿನ ಬೇರೆ ಗ್ರಾಹಕರು ಮೆಲ್ಲಗೆ ಆಚೆ ಸರಿದು ನಿಂತರು.

ಸಹಿಗಳಾದವು. ದೊಡ್ಡ ವ್ಯಾನನ್ನು ತೊಳೆಸಿ ಹೊರಗೆ ತಂದು ನಿಲ್ಲಿಸಿದೆವು. ಗೀತಾ ಸ್ಟೀರಿಂಗ್ ಹಿಡಿದು ಕೂತಳು, ಪಕ್ಕದಲ್ಲಿ ಈರಣ್ಣ. ಅಜ್ಜಿಯನ್ನು ನಾನೂ ನಯಾಜೂ ಸೇರಿ ಹತ್ತಿಸಿದೆವು, ಅವರು ನಡು ಸಾಲಿನಲ್ಲಿ ಕೂತರು. ಸಹನಾ ಮಾತ್ರ ಅಜ್ಜಿಯ ಪಕ್ಕದ ಸೀಟನ್ನು ಬಿಟ್ಟು, ತೂರಿಕೊಂಡು ಕೊನೆಯ ಸಾಲಿಗೆ ಹೋಗಿ ಮೂಲೆಯಲ್ಲಿ ಕೂತುಬಿಟ್ಟಳು. ಗೀತಾ ಕನ್ನಡಿಯಲ್ಲಿ ಅದನ್ನು ನೋಡಿದಳು, ಗಾಡಿ ಶುರುಮಾಡಲಿಲ್ಲ.

ಅಜ್ಜಿ ಹಿಂದಕ್ಕೆ ತಿರುಗಿದರು. "ಅಲ್ಲ್ಯಾಕ ಒಬ್ಬಾಕಿ ಕುಂತಿ ಕೂಸ? ಬಾ, ಇಲ್ಲೆ ಬಾ. ನನಗ ಆಸರ ಬೇಕು."

ಸ್ವಲ್ಪ ಹೊತ್ತಾದ ಮೇಲೆ ಚಿಕ್ಕವಳು ಎದ್ದು ಬಂದು ಅಜ್ಜಿಯ ಪಕ್ಕದಲ್ಲಿ ಕೂತಳು. ನಾನು ಬಾಗಿಲು ಹಾಕಿದೆ. ವ್ಯಾನ್ ತುಮಕೂರು ರಸ್ತೆಗೆ ಇಳಿದು ಲಾರಿಗಳ ನಡುವೆ ಸೇರಿಕೊಂಡಿತು.

ಆ ಕೆಲಸದಲ್ಲಿ ಮುಂದೆ ಇನ್ನೂ ಎಷ್ಟೋ ವರ್ಷ ಇದ್ದೆ. ಕುಟುಂಬಕ್ಕೆ ವ್ಯಾನ್ ಬೇಕೆಂದು ಬಂದವರಿಗೆ ಇಂಜಿನ್, ಮೈಲೇಜು, ಮಾರುವಾಗಿನ ಬೆಲೆ ಎಲ್ಲವನ್ನೂ ಹೇಳುತ್ತಿದ್ದೆ. ಆದರೆ ಅದಕ್ಕೆ ಮೊದಲು ಮನೆಯವರನ್ನೆಲ್ಲ ಕರೆತರಲು ಹೇಳಿ, ಯಾರು ಎಲ್ಲಿ ಕೂರುತ್ತೀರಿ, ಒಮ್ಮೆ ಕೂತು ತೋರಿಸಿ ಅನ್ನುತ್ತಿದ್ದೆ. ಕೆಲವರು ನಗುತ್ತಿದ್ದರು, ಕೆಲವರಿಗೆ ಸಮಯವಿರುತ್ತಿರಲಿಲ್ಲ. ಹೊಸದಾಗಿ ಸೇರಿದವರಿಗೂ ಅದನ್ನೇ ಕಲಿಸಿದೆ. ಎರಡು ಗಾಡಿಗಳ ವ್ಯತ್ಯಾಸವನ್ನು ಯಾರು ಬೇಕಾದರೂ ಓದಿ ಹೇಳಬಹುದು. ಮನೆಯವರು ಕೂರುವುದನ್ನು ಮಾತ್ರ ಪಕ್ಕದಲ್ಲಿ ನಿಂತು, ಮಾತಾಡದೆ, ನೋಡಬೇಕು.